ಅರ್ಥಿಂಗ್ ಕಡ್ಡಿಗಿಂತ ಮೊದಲು ನೆಗೆಟಿವ್ ತಂತಿ ನೋಡಿ

ನಮಸ್ಕಾರ. ತೋಟದಲ್ಲಿ ಬ್ಯಾಟರಿಯಿಂದ ದೂರದರ್ಶಕ ನಡೆಸುತ್ತಿದ್ದಾಗ ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟ್ ಸುಟ್ಟಿತು, ನೆಲಕ್ಕೆ ತಾಮ್ರದ ಕಡ್ಡಿ ಹೊಡೆದು ಮೌಂಟಿಗೆ (ದೂರದರ್ಶಕವನ್ನು ಹೊತ್ತು ತಿರುಗಿಸುವ ಮೋಟಾರಿನ ಪೀಠಕ್ಕೆ) ಅರ್ಥಿಂಗ್ ಕೊಡಲೇ ಎಂದು ಕೇಳಿದ್ದೀರಿ. ಬೇಡ. 12 ವೋಲ್ಟ್ ಬ್ಯಾಟರಿಯ ಕರೆಂಟ್ ಮಣ್ಣಿನ ಮೂಲಕ ಹರಿಯುವುದಿಲ್ಲ. ಪಾಸಿಟಿವ್‌ನಿಂದ ಹೊರಟದ್ದು ಬ್ಯಾಟರಿಯ ನೆಗೆಟಿವ್‌ಗೇ ಮರಳಬೇಕು. ಕಡ್ಡಿ ಹೊಡೆದಿದ್ದರೂ ನಿಮ್ಮ ಪೋರ್ಟ್ ಸುಡುತ್ತಿತ್ತು.

ಬಹುಶಃ ಆದದ್ದು ಇದು. ಮೌಂಟಿನ ಪವರ್ ಪ್ಲಗ್‌ನಲ್ಲಿ ನೆಗೆಟಿವ್ ಸಡಿಲವಾಗಿದೆ. ಮೌಂಟ್, ಕ್ಯಾಮೆರಾ, ಲ್ಯಾಪ್‌ಟಾಪ್ ಮೂರರ ನೆಗೆಟಿವ್‌ಗಳೂ ಯುಎಸ್‌ಬಿ ಕೇಬಲ್‌ಗಳ ಮೂಲಕ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಹೆದ್ದಾರಿ ಮುಚ್ಚಿದಾಗ ವಾಹನಗಳು ಹೊಲದ ಬದುವಿಗೆ ಇಳಿಯುವಂತೆ, ಮೋಟಾರಿನ ಎರಡು ಮೂರು ಆಂಪಿಯರ್ ಆ ಕೂದಲೆಳೆಯಂಥ ತಂತಿಯಲ್ಲಿ ನುಗ್ಗುತ್ತದೆ. ಎರಡು ಚಳಿಗಾಲದ ಹಿಂದೆ ನನ್ನ ಯುಎಸ್‌ಬಿ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ಸುಟ್ಟದ್ದು ಹೀಗೆಯೇ. ಪಾಸಿಟಿವ್ ಕಡೆ ಫ್ಯೂಸ್ ಇತ್ತು, ಆದರೆ ಒಟ್ಟು ಕರೆಂಟ್ ಮಾಮೂಲಿನಷ್ಟೇ ಇದ್ದುದರಿಂದ ಅದು ಹಾರಲೇ ಇಲ್ಲ.

ನೆಗೆಟಿವ್ ಎಲ್ಲಿ ಕಡಿದರೂ ಕರೆಂಟ್ ಯುಎಸ್‌ಬಿಗೇ ನುಗ್ಗುತ್ತದೆ. ಅದಕ್ಕಾಗಿಯೇ ಹೇಳುತ್ತೇನೆ, ನೆಗೆಟಿವ್‌ಗೆ ಫ್ಯೂಸನ್ನೂ ಹಾಕಬೇಡಿ, ಸ್ವಿಚ್ಚನ್ನೂ ಹಾಕಬೇಡಿ. ಅವೆರಡೂ ಪಾಸಿಟಿವ್‌ನಲ್ಲಿ ಮಾತ್ರ ಇರಲಿ. ಪ್ರತಿ ಉಪಕರಣದ ನೆಗೆಟಿವ್ ನೇರವಾಗಿ ಬ್ಯಾಟರಿಯ ಬಳಿ ಒಂದೇ ಜಾಗಕ್ಕೆ ಬರಲಿ. ಒಂದರಿಂದ ಇನ್ನೊಂದಕ್ಕೆ ಸರಪಳಿ ಕಟ್ಟಬೇಡಿ. ಜೋಡಿಸುವಾಗ ಪವರ್ ಮೊದಲು, ಯುಎಸ್‌ಬಿ ಕೊನೆಗೆ. ಬಿಚ್ಚುವಾಗ ಯುಎಸ್‌ಬಿ ಮೊದಲು. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಿನಲ್ಲಿ ಈ ಕ್ರಮ ತಪ್ಪುತ್ತದೆ, ಕೇಬಲ್‌ಗಳಿಗೆ ಬಣ್ಣದ ಟೇಪ್ ಸುತ್ತಿಡಿ. ಕಾರಿನ ಸಿಗರೇಟ್ ಲೈಟರ್ ಮಾದರಿಯ ಪ್ಲಗ್ ಬಿಟ್ಟುಬಿಡಿ, ದೂರದರ್ಶಕ ತಿರುಗುತ್ತಾ ಕೇಬಲ್ ಎಳೆದಾಗ ಅದು ಸಡಿಲವಾಗುತ್ತದೆ. ತಿರುಪು ಬಿಗಿಯುವ ಕನೆಕ್ಟರ್ ಅಥವಾ ಎಕ್ಸ್‌ಟಿ60 ಎಂಬ ಬಿಗಿಯಾಗಿ ಕೂರುವ ಪ್ಲಗ್ ಒಳ್ಳೆಯದು.

ತಂತಿಯ ದಪ್ಪದ ಬಗ್ಗೆಯೂ ಒಂದು ಮಾತು. ಐದು ಮೀಟರ್ ದೂರಕ್ಕೆ ಹೋಗಿ ಬರುವ ದಾರಿ ಹತ್ತು ಮೀಟರ್. 5 ಆಂಪಿಯರ್ ಹರಿದರೆ 0.5 ಚದರ ಮಿಲಿಮೀಟರ್ ತಂತಿಯಲ್ಲಿ ಸುಮಾರು 2 ವೋಲ್ಟ್ ಕಳೆದುಹೋಗುತ್ತದೆ, 2.5ರಲ್ಲಿ 0.4ಕ್ಕಿಂತ ಕಡಿಮೆ. ಮೌಂಟ್ ವೇಗವಾಗಿ ತಿರುಗುವಾಗ ಗಕ್ಕನೆ ನಿಲ್ಲುತ್ತದೆ ಎಂದಿದ್ದೀರಲ್ಲ, ಬ್ಯಾಟರಿಯನ್ನು ದೂರುವ ಮೊದಲು ಈ ತಂತಿಯನ್ನು ನೋಡಿ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಉಗುಳಬಲ್ಲದು, ತಂತಿ ಕೆಂಪಗೆ ಕಾದು ಒಣಹುಲ್ಲಿಗೆ ಬೆಂಕಿ ತಗುಲಬಹುದು. ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಮುಖ್ಯ ಫ್ಯೂಸ್, ಅದರಾಚೆ ಪ್ರತಿ ಕವಲಿಗೆ 3 ಅಥವಾ 5 ಆಂಪಿಯರ್ ಫ್ಯೂಸ್ ಹಾಕಿ. ಕಾರಿಗೆ ಹಾಕುವ ಬ್ಲೇಡ್ ಫ್ಯೂಸ್ ಎಲ್ಲ ಊರಿನಲ್ಲೂ ಸಿಗುತ್ತದೆ.

ನಿಮ್ಮ ಮೌಂಟ್, ತನ್ನನ್ನೇ ತಂಪಾಗಿಸಿಕೊಳ್ಳುವ ಕ್ಯಾಮೆರಾ, ಇಬ್ಬನಿ ತಡೆಯುವ ಹೀಟರ್, ಲ್ಯಾಪ್‌ಟಾಪ್ ಸೇರಿ ಸುಮಾರು 8 ಆಂಪಿಯರ್ ಎಂದುಕೊಂಡರೆ ಏಳು ಗಂಟೆಗೆ 56 ಆಂಪಿಯರ್-ಗಂಟೆ ಬೇಕು. ಲಿಥಿಯಂ ಆದರೆ 80 ಸಾಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ, ಅದಾದರೆ 120 ಬೇಕು. ಆಕಾಶ ನೋಡಲು ಕೊರೆಯುವ ಚಳಿಯ ಲಡಾಖಿನ ಹಾನ್ಲೆಗೆ ಹೊರಟಿರುವ ಸದಸ್ಯರು ಗಮನಿಸಿ, ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಕೋಣೆಯೊಳಗೆ ತಂದು ಬೆಚ್ಚಗಾದ ಮೇಲೆಯೇ ಚಾರ್ಜರ್ ಹಾಕಿ.

ಲ್ಯಾಪ್‌ಟಾಪಿಗಾಗಿ ಇನ್ವರ್ಟರ್ ಇಟ್ಟಿದ್ದೀರಿ. ದಯವಿಟ್ಟು ತೆಗೆದುಬಿಡಿ. ಡಿಸೆಂಬರಿನ ಇಬ್ಬನಿಯಲ್ಲಿ ಹುಲ್ಲು, ಕೈ, ಕೇಬಲ್ ಎಲ್ಲವೂ ಒದ್ದೆ. ಅಲ್ಲಿ 230 ವೋಲ್ಟ್ ಇರಬಾರದು. 12ನ್ನು 19 ವೋಲ್ಟಿಗೆ ಏರಿಸುವ ಡಿಸಿ ಪರಿವರ್ತಕ ಸಿಗುತ್ತದೆ. ತೋಟದ ಮನೆಯ ಕರೆಂಟನ್ನೇ ಎಳೆಯುವುದಾದರೆ ಆಗ ಅರ್ಥಿಂಗ್ ಖಂಡಿತ ಬೇಕು, ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಪೂರೈಕೆ ಕಡಿಯುವ ಸ್ವಿಚ್) ಕೂಡ.

ಸಿಡಿಲಿಗೆಂದು ಕಡ್ಡಿ ಹೊಡೆಯುವ ಯೋಚನೆಯಿದ್ದರೆ, ಅದು ನಿಮ್ಮನ್ನೂ ಉಳಿಸುವುದಿಲ್ಲ, ಉಪಕರಣವನ್ನೂ ಉಳಿಸುವುದಿಲ್ಲ. ಗುಡುಗು ಕೇಳಿಸಿದ ತಕ್ಷಣ ಎಲ್ಲವನ್ನೂ ಅಲ್ಲೇ ಬಿಟ್ಟು ಮನೆಯೊಳಗೆ ಹೋಗಿ.

ಸುಟ್ಟ ಪೋರ್ಟ್ ಸರಿಮಾಡಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಯುಎಸ್‌ಬಿ ಎಲ್ಲವನ್ನೂ ಕಳಚಿ, ಕೈನಿಯಂತ್ರಕದಿಂದ ಮೌಂಟನ್ನು ಪೂರ್ಣ ವೇಗದಲ್ಲಿ ತಿರುಗಿಸುತ್ತಾ, ಬ್ಯಾಟರಿಯ ನೆಗೆಟಿವ್‌ಗೂ ಮೌಂಟಿನ ನೆಗೆಟಿವ್‌ಗೂ ಮಲ್ಟಿಮೀಟರ್ ಹಿಡಿಯಿರಿ. ಪ್ಲಗ್ಗನ್ನು ಮೆಲ್ಲಗೆ ಅಲುಗಾಡಿಸಿ. 0.2 ವೋಲ್ಟ್ ದಾಟಿದರೆ ಅಥವಾ ಅಂಕಿ ಕುಣಿದರೆ ದೋಷ ಅಲ್ಲೇ ಇದೆ. ಎಷ್ಟು ಬಂತೆಂದು ಇಲ್ಲಿ ಬರೆಯಿರಿ, ಪ್ಲಗ್ಗಿನ ಒಂದು ಚಿತ್ರವನ್ನೂ ಹಾಕಿ.