ಬಿಳಿ ರಕ್ತಕಣದ ಕೌಂಟ್ ನೋಡೋ ಮಷಿನ್ ಮನೇಲಿ ಬೇಕಾ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್. ಬೆಂಗಳೂರಿನಲ್ಲಿ ಮೂರು ವಾರಕ್ಕೊಮ್ಮೆ ಕೀಮೋ. ನಾವಿರೋದು ತೀರ್ಥಹಳ್ಳಿ ಕಡೆ. ಹೋದ ಸಲ ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಹೋದರೆ "ಕೌಂಟ್ ಕಮ್ಮಿ ಇದೆ, ಮುಂದಿನ ವಾರ ಬನ್ನಿ" ಎಂದು ವಾಪಸ್ ಕಳಿಸಿದರು. ಶುಗರ್ ಮಷಿನ್ ಥರ ಬೆರಳು ಚುಚ್ಚಿ ಕೌಂಟ್ ನೋಡೋದೂ ಬಂದಿದೆಯಂತೆ. ತಗೊಳ್ಳಬಹುದಾ?

ಉತ್ತರ: ಬಂದಿರುವುದು ನಿಜ. ಆದರೆ ನಿಮ್ಮ ತೊಂದರೆಗೆ ಅದು ಬೇಕಿಲ್ಲ.

ಶುಗರ್ ಅಳೆಯುವುದು ಸುಲಭ, ಪಟ್ಟಿಯ ಮೇಲಿನ ರಾಸಾಯನಿಕವೇ ಆ ಕೆಲಸ ಮಾಡುತ್ತೆ. ಬಿಳಿ ರಕ್ತಕಣ ಹಾಗಲ್ಲ, ಯಾವುದು ಯಾವ ಜಾತಿ ಅಂತ ಗುರುತಿಸಿ ಎಣಿಸಬೇಕು. ಸ್ವೀಡನ್ನಿನ ಹೀಮೋಕ್ಯೂ ಕಂಪನಿಯ ಯಂತ್ರಕ್ಕೆ 10 ಮೈಕ್ರೋಲೀಟರ್ ರಕ್ತ ಸಾಕು. ಕಣಗಳಿಗೆ ಬಣ್ಣ ಹತ್ತಿಸಿ, ಫೋಟೋ ತೆಗೆದು, 5 ನಿಮಿಷದೊಳಗೆ ಲೆಕ್ಕ ಕೊಡುತ್ತೆ. ಅದು ಕ್ಲಿನಿಕ್‌ಗಳಿಗೆಂದು ಮಾಡಿದ್ದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಹುಟ್ಟಿದ ಲ್ಯೂಕೋ ಕಂಪನಿಯದು ಇನ್ನೂ ಮಜವಾಗಿದೆ: ಸೂಜಿಯೇ ಬೇಡ, ಉಗುರಿನ ಬುಡದ ಸಣ್ಣ ರಕ್ತನಾಳಗಳನ್ನು ಕ್ಯಾಮೆರಾದಲ್ಲಿ ನೋಡಿ, ಕೆಂಪು ಕಣಗಳ ಸಾಲಿನಲ್ಲಿ ಬಿಳಿ ಕಣ ಹಾದುಹೋಗುವಾಗ ಕಾಣುವ ಖಾಲಿ ಜಾಗವನ್ನು ಹಿಡಿಯುತ್ತೆ. ಒಂದು ತೊಡಕಿದೆ. ಕಣಗಳು ಕಮ್ಮಿ ಇದ್ದಷ್ಟೂ ಎಣಿಕೆಯಲ್ಲಿ ಏರುಪೇರು ಜಾಸ್ತಿ, ನಮಗೆ ಬೇಕಾಗಿರುವುದೋ ಆ ಕಮ್ಮಿ ಕೌಂಟ್‌ನಲ್ಲೇ! ಬೆರಳನ್ನು ಹಿಂಡಿ ರಕ್ತ ತೆಗೆದರಂತೂ ಚರ್ಮದಡಿಯ ನೀರು ಬೆರೆತು ಲೆಕ್ಕ ಇನ್ನಷ್ಟು ಕೆಡುತ್ತೆ.

ತೀರ್ಥಹಳ್ಳಿಯ ಲ್ಯಾಬ್‌ನಲ್ಲೇ ಸಿಬಿಸಿ (ಎಲ್ಲ ರಕ್ತಕಣ ಎಣಿಸುವ ಪರೀಕ್ಷೆ) ಮಾಡಿಸಿ, ಸಾಕು. ಬಸ್ ಹತ್ತುವ ಹಿಂದಿನ ದಿನ ಮಾಡಿಸಿ ರಿಪೋರ್ಟನ್ನು ಆಸ್ಪತ್ರೆಗೆ ವಾಟ್ಸಾಪ್ ಮಾಡಬಹುದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ರಿಪೋರ್ಟ್‌ನಲ್ಲಿ ಟೋಟಲ್ ಕೌಂಟ್ ಒಂದನ್ನೇ ನೋಡಬೇಡಿ. ಟೋಟಲ್ 2,100, ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡುವ ಬಿಳಿ ಕಣ) ಶೇಕಡಾ 40 ಅಂತಿದ್ದರೆ ಗುಣಿಸಿ: 840. ಡಾಕ್ಟರ್ ಎಎನ್‌ಸಿ, ಅಂದರೆ ನ್ಯೂಟ್ರೋಫಿಲ್‌ಗಳ ಒಟ್ಟು ಸಂಖ್ಯೆ, ಅನ್ನುವುದು ಇದಕ್ಕೇ. ಮುಂದಿನ ಕೀಮೋಗೆ ಸಾಮಾನ್ಯವಾಗಿ 1,500 ಇರಬೇಕು ಅಂತಾರೆ, ಕೆಲವು ಔಷಧಿಗೆ 1,000 ಆದರೂ ನಡೆಯುತ್ತೆ. 500ಕ್ಕಿಂತ ಕೆಳಗಿಳಿದರೆ ಸೋಂಕಿನ ಭಯ ಜಾಸ್ತಿ.

ಮಷಿನ್‌ಗೆ ಹಾಕೋ ದುಡ್ಡಲ್ಲಿ ಒಂದು ಒಳ್ಳೆ ಥರ್ಮಾಮೀಟರ್ ತಗೊಳ್ಳಿ, ಸುಮ್ನೆ ಹೇಳ್ತಿಲ್ಲ. ಕೀಮೋ ಆದ 7ರಿಂದ 14ನೇ ದಿನದ ನಡುವೆ ಕೌಂಟ್ ಸಾಮಾನ್ಯವಾಗಿ ತಳ ಮುಟ್ಟುತ್ತೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನಡುರಾತ್ರಿಯಾದರೂ ಸರಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ, ಹೋದ ತಕ್ಷಣ "ಕೀಮೋ ನಡೀತಿದೆ" ಅಂತ ಹೇಳಿ. ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಹೋಗಬೇಕು. ಮನೆಯಲ್ಲೇ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಅಂತ ಕಾಯಬೇಡಿ, ಜ್ವರ ಮುಚ್ಚಿಹೋಗುತ್ತೆ, ಸೋಂಕು ಹೋಗಿರಲ್ಲ. ಯಂತ್ರದಲ್ಲಿ ಕೌಂಟ್ ಚೆನ್ನಾಗಿ ಬಂದರೂ ಈ ಮಾತು ಬದಲಾಗಲ್ಲ.

ಪ್ರಶ್ನೆ: ಕೀಮೋ ಮಾರನೇ ದಿನ ಹೊಟ್ಟೆಗೆ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಈಗ ಕೌಂಟ್ 25,000 ಬಂದಿದೆ. ಸೋಂಕಾ?

ಉತ್ತರ: ಜ್ವರ ಇಲ್ಲ ಅಂದರೆ ಬಹುಶಃ ಇಂಜೆಕ್ಷನ್ನಿನ ಕೆಲಸವೇ. ಅದು ಮೂಳೆ ಮಜ್ಜೆಯನ್ನು ತಳ್ಳಿ ನ್ಯೂಟ್ರೋಫಿಲ್ ಹೊರಗೆ ಕಳಿಸುತ್ತೆ. ಸೊಂಟ, ಬೆನ್ನುಮೂಳೆ ನೋಯುವುದೂ ಅದರಿಂದಲೇ. ರಿಪೋರ್ಟ್ ಕಳಿಸುವಾಗ ಇಂಜೆಕ್ಷನ್ ಕೊಟ್ಟ ತಾರೀಕನ್ನೂ ಬರೆಯಿರಿ, ಇಲ್ಲದಿದ್ದರೆ ನೋಡಿದ ಡಾಕ್ಟರಿಗೂ ಗಾಬರಿ.