ಓದುಗರ ಪ್ರಶ್ನೆ: ಮೊಬೈಲಿನ ಚಂದ್ರ ಯಾವ ಊರಿನವನು?

ಪ್ರಶ್ನೆ: ಸಂಕಷ್ಟಿಯ ಚಂದ್ರೋದಯ ನನ್ನ ಮೊಬೈಲ್ ಪಂಚಾಂಗದಲ್ಲಿ ಒಂದು, ಬೆಂಗಳೂರಿನ ಅಕ್ಕನದರಲ್ಲಿ ಇನ್ನೊಂದು. ಕೆಲವು ತಿಂಗಳು ಹತ್ತೇ ನಿಮಿಷದ ವ್ಯತ್ಯಾಸ, ಕೆಲವೊಮ್ಮೆ ಅರ್ಧ ಗಂಟೆ. ಯಾವುದು ಸರಿ? ಶ್ರಾವಣವನ್ನೂ ಹದಿನೈದು ದಿನ ಮೊದಲೇ ತೋರಿಸಿತು.
– ಓದುಗರು, ಐರೋಲಿ, ನವಿ ಮುಂಬಯಿ

ಉತ್ತರ: ಎರಡೂ ಸರಿ, ಅವರವರ ಊರಿಗೆ. ಬೆಂಗಳೂರಿನ ರೇಖಾಂಶ 77.6 ಡಿಗ್ರಿ, ಮುಂಬಯಿಯದು 72.9. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮಗೆ ಸುಮಾರು 19 ನಿಮಿಷ ತಡ. ಮುಂಬಯಿ ಆರು ಡಿಗ್ರಿ ಉತ್ತರಕ್ಕೂ ಇದೆ. ವೈಶಾಖದ ಆಸುಪಾಸಿನ ಸಂಕಷ್ಟಿಗಳಲ್ಲಿ ಚಂದ್ರ ದಕ್ಷಿಣಕ್ಕೆ ವಾಲಿ ಹುಟ್ಟುವುದರಿಂದ ಇನ್ನೂ ಹತ್ತು ನಿಮಿಷ ಕೂಡುತ್ತದೆ. ಕಾರ್ತಿಕದ ಹೊತ್ತಿಗೆ ಉತ್ತರಕ್ಕೆ ವಾಲುವುದರಿಂದ ಹೆಚ್ಚುಕಡಿಮೆ ಅಷ್ಟೇ ಕಳೆಯುತ್ತದೆ.

ಆದರೆ ಆ್ಯಪ್‌ನಲ್ಲಿ ಊರು ಯಾವುದೆಂದು ಮೊದಲು ನೋಡಿ. ಲೊಕೇಶನ್ ಅನುಮತಿ ಇಲ್ಲದಿದ್ದರೆ ಅದು ತನಗೆ ತೋಚಿದ ನಗರದ ಲೆಕ್ಕ ಕೊಡುತ್ತಿರಬಹುದು. ಜನವರಿ ಮಧ್ಯದಲ್ಲಿ ಮುಂಬಯಿಯ ಸೂರ್ಯೋದಯ 7.15ರ ಸುಮಾರಿಗೆ, ಆ್ಯಪ್ 6.45 ಅಂದರೆ ಅದು ಇನ್ನೂ ಬೆಂಗಳೂರಿನಲ್ಲೇ ಇದೆ. ಈ ಅರ್ಧ ಗಂಟೆ ಸಣ್ಣದೆಂದುಕೊಳ್ಳಬೇಡಿ. ತಿಥಿ ಮುಗಿಯುವ ಕ್ಷಣ ಎಲ್ಲ ಊರಿಗೂ ಒಂದೇ, ಸೂರ್ಯೋದಯ ಮಾತ್ರ ಬೇರೆ. ದ್ವಾದಶಿ 7 ಗಂಟೆಗೆ ಮುಗಿದರೆ ಬೆಂಗಳೂರಿನವರಿಗೆ ಏಕಾದಶಿ ಉಪವಾಸ ಬಿಡುವ ಪಾರಣೆಗೆ ಕಾಲು ಗಂಟೆ ಸಿಗುತ್ತದೆ, ನಮಗೆ ಸೂರ್ಯ ಹುಟ್ಟುವಷ್ಟರಲ್ಲಿ ತ್ರಯೋದಶಿ. ಇಂಥ ದಿನ ಆ್ಯಪ್ ನಂಬಿ ಕೂರದೆ ನಿಮ್ಮ ಮಠದ ಪಂಚಾಂಗವನ್ನೇ ನೋಡಿ. ಗಣಿತ ಪದ್ಧತಿ ಬೇರೆಯಾದರೆ ತಿಥಿಯೇ ಕೆಲವು ಗಂಟೆ ಸರಿಯುತ್ತದೆ.

ಶ್ರಾವಣದ ಗೊಂದಲ ಸೆಟ್ಟಿಂಗಿನದು. 'ಪೂರ್ಣಿಮಾಂತ' (ತಿಂಗಳು ಹುಣ್ಣಿಮೆಗೆ ಮುಗಿಯುವ ಪದ್ಧತಿ) ಎಂದಿರುವುದನ್ನು 'ಅಮಾಂತ' ಮಾಡಿ. ನಮಗೂ ಮರಾಠಿಗರಿಗೂ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಉತ್ತರಪ್ರದೇಶದವರ 'ಸಾವನ್' (ಅವರ ಶ್ರಾವಣ) ಮೊದಲೇ ಶುರುವಾಗುವುದೂ ಇದೇ ಕಾರಣಕ್ಕೆ.

ಕೊನೆಯದಾಗಿ, ಆ್ಯಪ್‌ನ ಸಮಯ ಅಡ್ಡಿಯಿಲ್ಲದ ದಿಗಂತದ್ದು. ನಿಮ್ಮ ಪೂರ್ವಕ್ಕೆ ಗುಡ್ಡವಿದೆ, ಕಟ್ಟಡಗಳೂ ಇದ್ದಾವು. ತೋಳು ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಎತ್ತರ ಸುಮಾರು 10 ಡಿಗ್ರಿ. ಅಡ್ಡಿ ಅರ್ಧ ಮುಷ್ಟಿಯಷ್ಟಿದ್ದರೆ ಚಂದ್ರ ಕಾಣಲು 20 ನಿಮಿಷ ಹೆಚ್ಚು ಕಾಯಬೇಕು. ಮಳೆಗಾಲದಲ್ಲಿ ಕಾಯುವ ಪ್ರಶ್ನೆಯೇ ಇಲ್ಲ, ಗಡಿಯಾರ ನೋಡಿ ಅರ್ಘ್ಯ ಬಿಡಿ.

ಪ್ರಶ್ನೆ: ನಮ್ಮ ಭಜನಾ ಮಂಡಳಿ ವಿಡಿಯೋ ಕಾಲ್‌ನಲ್ಲಿ ಹಾಡಿದರೆ ತಾಳ ತಪ್ಪುತ್ತದೆ, ಶ್ರುತಿ ಪೆಟ್ಟಿಗೆಯ ದನಿ ಮಾಯವಾಗುತ್ತದೆ. ವೇಗದ ಇಂಟರ್‌ನೆಟ್ ಹಾಕಿಸಿದರೆ ಸರಿಹೋದೀತೆ?
– ಓದುಗರು, ಚಿಂಚವಡ, ಪುಣೆ

ಉತ್ತರ: ಇಲ್ಲ. ವೇಗ ಹೆಚ್ಚಿದರೆ ಚಿತ್ರ ಚೆನ್ನಾದೀತು, ದನಿ ತಲಪುವ ತಡ ಉಳಿದೇ ಇರುತ್ತದೆ. ಒಟ್ಟಿಗೆ ಹಾಡುವವರು 25–30 ಮಿಲಿಸೆಕೆಂಡ್ ತಡ ಸಹಿಸಬಲ್ಲರು. ಹತ್ತು ಮೀಟರ್ ಆಚೆಯಿಂದ ದನಿ ಬರಲು ಹಿಡಿಯುವ ಹೊತ್ತು ಅದು. ವಿಡಿಯೋ ಕಾಲ್‌ನಲ್ಲಿ ಅದರ ಐದಾರು ಪಟ್ಟು. ಶ್ರುತಿ, ತಾಳ, ಮುಂದಾಳು ಮೂವರೂ ಒಂದೇ ಮನೆಯಲ್ಲಿ ಕೂರಲಿ. ಉಳಿದವರು ಮ್ಯೂಟ್ ಮಾಡಿ ದನಿಗೂಡಿಸಲಿ.

ಏರಿಳಿತವಿಲ್ಲದ ದನಿಯನ್ನು ಸಾಫ್ಟ್‌ವೇರ್ ಫ್ಯಾನಿನ ಸದ್ದೆಂದು ಬಗೆದು ಅಳಿಸುತ್ತದೆ, ಪಾಪ, ಅದಕ್ಕೇನು ಗೊತ್ತು ಶ್ರುತಿ! ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿ. ತಾಳವನ್ನು ಮೈಕ್‌ನಿಂದ ನಾಲ್ಕಡಿ ಆಚೆ ಇಡಿ; ಹತ್ತಿರವಿದ್ದರೆ ಪ್ರತಿ ಹೊಡೆತಕ್ಕೂ ಯಂತ್ರ ದನಿಯ ಮಟ್ಟ ತಗ್ಗಿಸಿ ಹಾಡನ್ನೇ ಅದುಮುತ್ತದೆ. ಇಷ್ಟಾದರೂ ಇದು ಗೋಷ್ಠಿಗಾನ ಅಲ್ಲ. ತಿಂಗಳಿಗೊಮ್ಮೆ ಯಾರ ಮನೆಯಲ್ಲಾದರೂ ಸೇರಿ.

ಪ್ರಶ್ನೆ: ಅಜ್ಜಿಯ ಶೋಭಾನೆ ಹಾಡುಗಳನ್ನು ವಾಟ್ಸಾಪ್ ವಾಯ್ಸ್ ನೋಟ್‌ನಲ್ಲಿ ಇಟ್ಟುಕೊಂಡಿದ್ದೇವೆ. ಸಾಕೇ?
– ಓದುಗರು, ಮಡಗಾಂವ್

ಉತ್ತರ: ಸಾಲದು, ಅದು ದನಿಯನ್ನು ಹಿಂಡಿ ಚಿಕ್ಕದು ಮಾಡುತ್ತದೆ. ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ (WAV, ದನಿಯನ್ನು ಹಿಂಡದ ಫೈಲ್), 48 ಕಿಲೋಹರ್ಟ್ಸ್, 16 ಬಿಟ್, ಮೋನೊ ಆರಿಸಿ. ನಿಮಿಷಕ್ಕೆ ಸುಮಾರು 6 ಎಂಬಿ. ಕಳಿಸುವಾಗ 'ಡಾಕ್ಯುಮೆಂಟ್' ಆಗಿ ಕಳಿಸಿ. ಹಾಡು ಮುಗಿದ ಕೂಡಲೇ ನಿಲ್ಲಿಸಬೇಡಿ. ಯಾವ ಶಾಸ್ತ್ರಕ್ಕೆ ಹಾಡುವುದು, ಯಾರಿಂದ ಕಲಿತದ್ದು ಎಂಬುದನ್ನು ಅದರಲ್ಲೇ ಅಜ್ಜಿಯ ಬಾಯಿಂದ ಹೇಳಿಸಿ.