ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮನೆ ಹತ್ತಿರದ ಪಬ್ಲಿಕ್ ಎಲಿಮೆಂಟರಿ ಶಾಲೆಗೆ ರೇಟಿಂಗ್ 4/10, ಅರ್ಧದಷ್ಟು ಮಕ್ಕಳು ‘ಇಂಗ್ಲಿಷ್ ಲರ್ನರ್’ಗಳು (ಮನೆಮಾತು ಬೇರೆ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರು). ಮಗಳನ್ನು ಸೇರಿಸಬಹುದೇ, ಅಥವಾ ಬೇರೆ ಕಡೆ ಮನೆ ನೋಡಬೇಕೇ?

ಮನೆ ಬದಲಾಯಿಸಬೇಡಿ. ಈ ಎರಡು ಅಂಕಿ ನೋಡಿಕೊಂಡಂತೂ ಖಂಡಿತ ಬೇಡ. ನಾನು ಅದನ್ನೇ ಮಾಡಿ ಕೈ ಸುಟ್ಟುಕೊಂಡವನು.

ನಾವಿರುವುದು ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ. ಮಗ ಆಗ ಕಿಂಡರ್‌ಗಾರ್ಟನ್. ಶಾಲೆ ನಡೆದುಕೊಂಡು ಹೋಗುವಷ್ಟು ಹತ್ತಿರ. ಹೆಚ್ಚಿನವು ಮೆಕ್ಸಿಕೊ, ಮಧ್ಯ ಅಮೆರಿಕ ಮೂಲದ ಕುಟುಂಬಗಳು, ಒಂದಿಷ್ಟು ಫಿಲಿಪಿನೊಗಳು, ಭಾರತದವರು ಬೆರಳೆಣಿಕೆಯಷ್ಟು. ಅವನ ಟೀಚರ್ ಬಂಗಾರದಂಥ ಹೆಂಗಸು. ಎಲ್ಲ ಚೆನ್ನಾಗಿಯೇ ಇತ್ತು, ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಗ್ರೇಟ್‌ಸ್ಕೂಲ್ಸ್ (ಶಾಲೆಗಳಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ವೆಬ್‌ಸೈಟ್) ರೇಟಿಂಗ್‌ಗಳ ಪಟ್ಟಿ ಹಾಕುವ ತನಕ. ‘ಮಗು ಖುಷಿಯಾಗಿ ಹೋಗಿ ಬರ್ತಿದೆ, ಓದೋಕೂ ಕಲೀತಿದೆ, ಇನ್ನೇನು ಬೇಕು ನಿಮಗೆ?’ ಅಂದಳು ಹೆಂಡತಿ. ನಾನು ಎಂಜಿನಿಯರ್ ಅಲ್ಲವೇ, ಲ್ಯಾಪ್‌ಟಾಪ್ ತಂದು ಗ್ರಾಫ್ ತೋರಿಸಿದೆ. ಬೇಸಿಗೆ ರಜೆಯಲ್ಲೇ 9 ರೇಟಿಂಗ್ ಇರುವ ಶಾಲೆಯ ಪಕ್ಕ, ಇದ್ದದ್ದಕ್ಕಿಂತ ಚಿಕ್ಕ ಅಪಾರ್ಟ್‌ಮೆಂಟಿಗೆ, ಹೆಚ್ಚು ಬಾಡಿಗೆ ಕೊಟ್ಟು ಹೋದೆವು.

ನಾನು ಎಲ್ಲಿ ಎಡವಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಅಲ್ಲೇ ನಿಂತಿದ್ದೀರಿ. ಈ ರೇಟಿಂಗ್‌ಗಳ ಹಿಂದಿರುವ ಇಲ್ಲಿನ ರಾಜ್ಯ ಪರೀಕ್ಷೆ (ಕ್ಯಾಸ್ಪ್) ಶುರುವಾಗುವುದೇ ಮೂರನೇ ಕ್ಲಾಸಿನಿಂದ. ಇಂಗ್ಲಿಷ್ ಮತ್ತು ಗಣಿತದಲ್ಲಿ ನಾಲ್ಕು ಹಂತಗಳಿವೆ. ಮೇಲಿನ ಎರಡರಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನುವ ಶೇಕಡಾವಾರನ್ನೇ ಎಲ್ಲರೂ ಶಾಲೆಯ ‘ಮಾರ್ಕ್ಸ್’ ಅನ್ನುತ್ತಾರೆ. ನಮ್ಮ ಶಾಲೆಯಲ್ಲಿ ಅದು ಮೂರನೇ ಒಂದು ಭಾಗದ ಆಸುಪಾಸು, ಹೊಸದರಲ್ಲಿ ಎಂಬತ್ತರ ಮೇಲೆ. ಇದನ್ನು ನಾನು ‘ಇಲ್ಲಿ ಸೇರಿದರೆ ನನ್ನ ಮಗ ಕಲಿಯುವ ಸಾಧ್ಯತೆ’ ಎಂದು ಓದಿಕೊಂಡೆ. ಅದು ಆ ಸಂಖ್ಯೆಯ ಅರ್ಥವೇ ಅಲ್ಲ. ಯಾರ ಮನೆಯ ಮಕ್ಕಳು ಆ ಗೇಟಿನೊಳಗೆ ಬರುತ್ತಾರೆ ಅನ್ನುವುದೇ ಅದರಲ್ಲಿ ಹೆಚ್ಚಾಗಿ ಕಾಣುವುದು. ಕ್ಯಾಸ್ಪ್ ಫಲಿತಾಂಶ ಹಾಕುವ ರಾಜ್ಯದ ವೆಬ್‌ಸೈಟಿನಲ್ಲಿ ಅದನ್ನು ಗುಂಪುವಾರು ನೋಡಬಹುದು: ಆದಾಯ, ಜನಾಂಗ, ಅಪ್ಪ ಅಮ್ಮ ಎಷ್ಟು ಓದಿದ್ದಾರೆ ಅನ್ನುವುದೂ ಇದೆ. ಬಾಡಿಗೆ ಕರಾರಿಗೆ ಸಹಿ ಹಾಕಿ ತಿಂಗಳುಗಳಾದ ಮೇಲೆ ಒಂದು ರಾತ್ರಿ ಸುಮ್ಮನೆ ‘ಸ್ನಾತಕೋತ್ತರ ಓದಿದ ಪೋಷಕರ ಮಕ್ಕಳು’ ಗುಂಪನ್ನು ಒತ್ತಿ ನೋಡಿದೆ. ಎರಡೂ ಶಾಲೆಗಳಲ್ಲಿ ಹೆಚ್ಚುಕಮ್ಮಿ ಒಂದೇ! (ಗುಂಪಿನಲ್ಲಿ ಹತ್ತು ಅಥವಾ ಕಡಿಮೆ ಮಕ್ಕಳಿದ್ದರೆ ಸಂಖ್ಯೆಯ ಜಾಗದಲ್ಲಿ ನಕ್ಷತ್ರ ಬರುತ್ತದೆ. ಹನ್ನೆರಡು ಹದಿಮೂರು ಮಕ್ಕಳಿದ್ದರೂ ಅದನ್ನು ನೆಚ್ಚಿ ಕೂರಬೇಡಿ.)

ನನ್ನೊಬ್ಬನ ಅನುಭವ ಅಂತ ತಳ್ಳಿಹಾಕಬೇಡಿ. ಸ್ಟ್ಯಾನ್‌ಫರ್ಡ್‌ನ ಶಾನ್ ರಿಯರ್ಡನ್ ತಂಡ ದೇಶದುದ್ದದ ಶಾಲೆಗಳ ಅಂಕಗಳನ್ನು ಒಟ್ಟು ಹಾಕಿ ನೋಡಿದೆ. ಸರಾಸರಿ ಅಂಕಕ್ಕೂ ಕುಟುಂಬಗಳ ಸ್ಥಿತಿಗತಿಗೂ ಬಿಡದ ನಂಟು. ಆದರೆ ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋಗುತ್ತಾರೆ ಅನ್ನುವುದಕ್ಕೂ ಬಡತನಕ್ಕೂ ಅಂಥ ಸಂಬಂಧವಿಲ್ಲ.

ಇನ್ನು ನಿಮ್ಮ ‘ಅರ್ಧದಷ್ಟು ಇಂಗ್ಲಿಷ್ ಲರ್ನರ್‌ಗಳು’. ಹೊಸ ಶಾಲೆಯ ಆಫೀಸಿನಲ್ಲಿ ಮಗನ ದಾಖಲೆ ತೆರೆದ ಮಹಿಳೆ, ‘ಇವನು ಇಂಗ್ಲಿಷ್ ಲರ್ನರ್, ದಿನಾ ಇಂಗ್ಲಿಷ್ ಗುಂಪಿಗೆ ಕೂರಿಸುತ್ತೇವೆ’ ಅಂದರು. ನಾನು ‘ಇರಲಾರದು’ ಅಂದೆ. ಪಕ್ಕದಲ್ಲಿದ್ದ ಹೆಂಡತಿ ಕಾಲು ತುಳಿದಳು. ಕಿಂಡರ್‌ಗಾರ್ಟನ್‌ಗೆ ಸೇರಿಸುವಾಗ ಹೋಮ್ ಲ್ಯಾಂಗ್ವೇಜ್ ಸರ್ವೆಯಲ್ಲಿ ಮಗು ಮೊದಲು ಆಡಿದ ಭಾಷೆ, ಈಗ ಆಡುವ ಭಾಷೆ, ನೀವು ಅದರ ಜೊತೆ ಆಡುವ ಭಾಷೆ, ಮನೆಯ ದೊಡ್ಡವರು ಆಡುವ ಭಾಷೆ ಎಲ್ಲಕ್ಕೂ ಅವಳು ಕನ್ನಡ ಅಂತ ಬರೆದಿದ್ದಳು. ನಿಜವೇ, ನಮ್ಮಮ್ಮ ಜೊತೆಗಿದ್ದರು. ಅದರಿಂದಾಗಿ ಎಲ್ಪ್ಯಾಕ್ ಅನ್ನುವ, ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡುವ ಪರೀಕ್ಷೆಗೆ ಕೂರಿಸಿ ಚಿತ್ರ ತೋರಿಸಿ ಕೇಳಿದರೆ ನಮ್ಮ ಸುಪುತ್ರ ತಲೆ ತಗ್ಗಿಸಿ ಶೂ ಲೇಸ್ ಎಳೆಯುತ್ತ ಕೂತಿದ್ದನಂತೆ. ಕಾಗದ ಮನೆಗೆ ಬಂದಿತ್ತು, ನಾನು ಓದಿರಲಿಲ್ಲ. ಅಂದರೆ ಯಾವ ಅರ್ಧಕ್ಕೆ ಹೆದರಿ ಓಡಿ ಬಂದೆನೋ ಅದರಲ್ಲಿ ನನ್ನ ಮಗನೂ ಒಬ್ಬ!

ಈ ಗುಂಪಿನ ಅಂಕ ಸದಾ ಕಡಿಮೆಯೇ ಇರುತ್ತದೆ, ಯಾಕೆಂದರೆ ಇಂಗ್ಲಿಷ್ ಬಂತು ಅಂತಾದ ಕೂಡಲೇ ಆ ಮಗುವನ್ನು ಪಟ್ಟಿಯಿಂದ ತೆಗೆಯುತ್ತಾರೆ. ಗುಣವಾದವರನ್ನೆಲ್ಲ ಡಿಸ್ಚಾರ್ಜ್ ಮಾಡಿ, ವಾರ್ಡಿನಲ್ಲಿ ಉಳಿದವರನ್ನು ತೋರಿಸಿ ‘ಈ ಆಸ್ಪತ್ರೆಯಲ್ಲಿ ಬರೀ ರೋಗಿಗಳೇ’ ಅಂದ ಹಾಗೆ.

ಬಿಟ್ಟುಬಂದದ್ದೇನು ಅಂತ ಆಮೇಲೆ ತಿಳಿಯಿತು. ಬಡವರ, ಇಂಗ್ಲಿಷ್ ಕಲಿಯುತ್ತಿರುವವರ ಮತ್ತು ಫಾಸ್ಟರ್ ಮಕ್ಕಳ (ಹೆತ್ತವರಿಂದ ದೂರ, ಸರ್ಕಾರದ ಆಸರೆಯಲ್ಲಿ ಬೆಳೆಯುವವರು) ಲೆಕ್ಕದಲ್ಲಿ 2013ರಿಂದ ಈ ರಾಜ್ಯ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ ಅಂಥ ಪ್ರತಿ ಮಗುವಿಗೂ 20% ಹೆಚ್ಚು ಹಣ ಕೊಡುತ್ತದೆ; ಅಂಥ ಮಕ್ಕಳು 55% ದಾಟಿದರೆ ಅದರ ಮೇಲೆ ಇನ್ನಷ್ಟು. ಹಳೆಯ ಶಾಲೆಯಲ್ಲಿ ಓದಲು ತಡವರಿಸುವ ಮಕ್ಕಳಿಗೇ ಒಬ್ಬ ಟೀಚರ್ ಇದ್ದರು, ಸಂಜೆ ಆರರವರೆಗೆ ಪುಕ್ಕಟೆ ಆಫ್ಟರ್ ಸ್ಕೂಲ್ ಇತ್ತು. ಹೊಸದರಲ್ಲಿ ಆಫ್ಟರ್ ಸ್ಕೂಲ್‌ಗೆ ದುಡ್ಡು, ಅದಕ್ಕೂ ವೇಯ್ಟಿಂಗ್ ಲಿಸ್ಟ್. ಜೊತೆಗೆ ವರ್ಷಾ ವರ್ಷಾ ಪೋಷಕರ ಫೌಂಡೇಶನ್ನಿನ ದೇಣಿಗೆ ಇಮೇಲ್. ಚೆಸ್ ಕ್ಲಬ್ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಮಗನ ಕ್ಲಾಸಿನ ಅರ್ಧ ಮಕ್ಕಳು ಸಂಜೆ ಕುಮಾನ್ ಟ್ಯೂಷನ್‌ನಲ್ಲಿರುತ್ತಾರೆ. 9 ರೇಟಿಂಗ್‌ನಲ್ಲಿ ಅದರ ಪಾಲೆಷ್ಟು, ಶಾಲೆಯ ಪಾಲೆಷ್ಟು ಅಂತ ಯಾರು ಹೇಳಬೇಕು?

ನೀವು ನೋಡಲೇಬೇಕಾದದ್ದು ರಾಜ್ಯದ ಸ್ಕೂಲ್ ಡ್ಯಾಶ್‌ಬೋರ್ಡ್‌ನಲ್ಲಿದೆ: 10% ಅಥವಾ ಹೆಚ್ಚು ದಿನ ಗೈರಾಗುವ ಮಕ್ಕಳು ಎಷ್ಟು ಅನ್ನುವುದು. ಅದು ಏರುತ್ತಿದ್ದರೆ ನಾನೂ ಯೋಚಿಸುತ್ತೇನೆ. ಪ್ರಿನ್ಸಿಪಾಲರ ಅಪಾಯಿಂಟ್‌ಮೆಂಟ್ ತಗೊಂಡು, ಈಚೆಗೆ ಎಷ್ಟು ಟೀಚರ್‌ಗಳು ಬಿಟ್ಟುಹೋದರು, ಹಿಂದೆ ಬಿದ್ದ ಮಗುವಿನ ಜೊತೆ ಯಾರು ಕೂರುತ್ತಾರೆ ಅಂತ ಕೇಳಿ. ನಮ್ಮವರು ಜಾಸ್ತಿ ಇರುವ ಕಡೆಯೇ ಇರಬೇಕು ಅನ್ನುವುದು ನಿಮ್ಮ ಮನಸ್ಸಿನಲ್ಲಿದ್ದರೆ ಹೋಗಿ, ಬೇಡ ಅನ್ನಲು ನಾನ್ಯಾರು. ಅದಕ್ಕೆ ವಿದ್ಯಾಭ್ಯಾಸದ ಹೆಸರು ಮಾತ್ರ ಹೇಳಬೇಡಿ.

ಆ ಸರ್ವೆಯಲ್ಲಿ ಕನ್ನಡ ಅಂತಲೇ ಬರೆಯಿರಿ. ‘ಇಂಗ್ಲಿಷ್ ಅಂತ ಹಾಕಿಬಿಡಿ, ಟೆಸ್ಟ್ ತಪ್ಪುತ್ತೆ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ನಮ್ಮವನು ಮೂರನೇ ಕ್ಲಾಸಿಗೆ ಎಲ್ಪ್ಯಾಕ್‌ನಲ್ಲಿ ನಾಲ್ಕನೇ ಲೆವೆಲ್ ಮುಟ್ಟಿ ಪಟ್ಟಿಯಿಂದ ಹೊರಬಂದ, ಅಜ್ಜಿಯ ಜೊತೆ ಈಗಲೂ ಕನ್ನಡದಲ್ಲೇ ಜಗಳ.